ಶಾಲಾ ಮಕ್ಕಳ ಬೆನ್ನುನೋವು: ವಿಶ್ರಾಂತಿಯೋ, ಓಡಾಟವೋ?



ಗಿಡಗಳ ಬೇರು, ಕಾಂಡಗಳ ರೋಗದ ಬಗ್ಗೆ ಈ ಪುಟಗಳಲ್ಲಿ ಆಗಾಗ ಬರೆಯುತ್ತಾ ಬಂದಿದ್ದೇವೆ. ಈ ಸಲ ಮನೆಯ ಮಕ್ಕಳ ಬೆನ್ನಿನ ವಿಷಯ. ಗೊಬ್ಬರ ಒಯ್ಯಲು ಸಂಘಕ್ಕೆ ಬಂದಿದ್ದ ಸದಸ್ಯರೊಬ್ಬರು, ಒಂಬತ್ತನೇ ತರಗತಿಯ ಮಗಳಿಗೆ ಬೆನ್ನುನೋವೆಂದು ಎರಡು ತಿಂಗಳಿಂದ ಆಟ ಬಿಡಿಸಿರುವುದಾಗಿಯೂ, ಆದರೂ ನೋವು ಕಡಿಮೆಯಾಗಿಲ್ಲವೆಂದೂ ಹೇಳಿದರು. ನೊಂದ ಬೆನ್ನಿಗೆ ವಿಶ್ರಾಂತಿಯೇ ಮದ್ದು ಎಂಬುದು ನಮ್ಮೆಲ್ಲರ ನಂಬಿಕೆ. ಹೆಚ್ಚಿನ ಮಕ್ಕಳ ವಿಷಯದಲ್ಲಿ ಇದು ಸರಿಯಲ್ಲ.

ನೋವು ಏಕೆ?

ಚಿಕ್ಕ ಮಕ್ಕಳಲ್ಲಿ ಬೆನ್ನುನೋವು ಕಡಿಮೆ. ಹದಿಹರೆಯದಲ್ಲಿ ಅದು ಹೆಚ್ಚುತ್ತಾ ಹೋಗುತ್ತದೆ. ಬಹುಪಾಲು ಪ್ರಸಂಗಗಳಲ್ಲಿ ಮೂಳೆಯಲ್ಲಾಗಲಿ ನರದಲ್ಲಾಗಲಿ ದೋಷವಿರುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಬೆನ್ನುಮೂಳೆಗೆ ಆಸರೆಯಾಗಿರುವುದು ಬೆನ್ನು, ಹೊಟ್ಟೆ ಮತ್ತು ಸೊಂಟದ ಸ್ನಾಯುಗಳು. ಬಳಸದ ಸ್ನಾಯು ಸೊರಗುತ್ತದೆ, ಬೇಗ ದಣಿಯುತ್ತದೆ. ಮಲಗಿಸಿದಷ್ಟೂ ಅದು ಇನ್ನಷ್ಟು ಸೊರಗುತ್ತದೆ. ನಿದ್ದೆಗೇಡು, ಪರೀಕ್ಷೆಯ ಚಿಂತೆಗಳೂ ನೋವನ್ನು ಹೆಚ್ಚಿಸಬಲ್ಲವು.

ಚೀಲದ ಪಾಲು ಎಷ್ಟು?

ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಚೀಲದ ತೂಕಕ್ಕೆ ಮಿತಿ ಹಾಕಿತು: 6ರಿಂದ 8ನೇ ತರಗತಿಗೆ 3ರಿಂದ 4 ಕೆ.ಜಿ., 9 ಮತ್ತು 10ನೇ ತರಗತಿಗೆ 4ರಿಂದ 5 ಕೆ.ಜಿ. ಇದನ್ನು ಪಾಲಿಸುವುದು ಒಳ್ಳೆಯದೇ. ಆದರೆ 69 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವರದಿಯೊಂದು, ಚೀಲವೇ ಮಕ್ಕಳ ಬೆನ್ನುನೋವಿಗೆ ಕಾರಣವೆನ್ನಲು ಬಲವಾದ ಆಧಾರವಿಲ್ಲವೆಂದು ಹೇಳಿದೆ. ಆದ್ದರಿಂದ ಚೀಲ ಹಗುರ ಮಾಡಿದೊಡನೆ ನಮ್ಮ ಹೊಣೆ ಮುಗಿಯಲಿಲ್ಲ.

ಮಗುವಿನ ಒಂದು ದಿನದ ಲೆಕ್ಕ ಹಾಕಿ ನೋಡಿ. ಮನೆಯ ಬಾಗಿಲಿನಿಂದ ವ್ಯಾನು, ಶಾಲೆಯಲ್ಲಿ ಬೆಂಚು, ಸಂಜೆ ಟ್ಯೂಷನ್, ರಾತ್ರಿ ಮೊಬೈಲು. ತೋಟ, ಗದ್ದೆಬದು ದಾಟಿ ಶಾಲೆಗೆ ನಡೆದ ನಮಗೆ ವ್ಯಾಯಾಮ ಬೇರೆ ಬೇಕಿರಲಿಲ್ಲ. ಈಗ ಅದಕ್ಕೆ ಹೊತ್ತು ಮಾಡಿಕೊಡಬೇಕಾಗಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ.

ಮಾಡಬೇಕಾದ್ದು

1. ಸಾಧಾರಣ ನೋವಿಗೆ ಮಗುವನ್ನು ಮಲಗಿಸಿಡಬೇಡಿ. ಒಂದೆರಡು ದಿನ ಜೋರು ಆಟ ತಗ್ಗಿಸಿ, ನಡಿಗೆಯಿಂದ ಆರಂಭಿಸಿ ಮೆಲ್ಲಗೆ ಆಟಕ್ಕೆ ಮರಳಿಸಿ.

2. ಖೋ-ಖೋ, ಕಬಡ್ಡಿ, ಸೈಕಲ್, ಈಜು, ಯಾವುದಾದರೂ ಸರಿ. ಮಳೆಗಾಲದಲ್ಲಿ ಜಗಲಿಯಲ್ಲೇ ಹಗ್ಗ ಜಿಗಿಯಲಿ, ಸೂರ್ಯನಮಸ್ಕಾರ ಮಾಡಲಿ.

3. ಓದುವಾಗ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ.

4. ಚೀಲವನ್ನು ಎರಡೂ ಹೆಗಲಿಗೆ ಹಾಕಲಿ. ಭಾರದ ಪುಸ್ತಕ ಬೆನ್ನಿನ ಕಡೆಗಿರಲಿ.

5. ಕೊಯ್ಲಿನ ಕಾಲದಲ್ಲಿ ಉದುರಿದ ಅಡಿಕೆ ಹೆಕ್ಕುವುದರಿಂದ ತೊಂದರೆಯಿಲ್ಲ. ಗೊನೆ ಹೊರಿಸುವುದು, ಕಾಫಿ ಮೂಟೆ ಎತ್ತಿಸುವುದು ಕೂಡದು.

ವಿಶ್ರಾಂತಿ ಬೇಕಾಗುವ ಸಂದರ್ಭವೂ ಉಂಟು. ಕ್ರಿಕೆಟ್ಟಿನಲ್ಲಿ ವೇಗದ ಬೌಲಿಂಗನ್ನೇ ದಿನವೂ ಅಭ್ಯಾಸ ಮಾಡುವ ಹುಡುಗರಿಗೆ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು ಬರಬಹುದು. ಹಿಂದಕ್ಕೆ ಬಾಗಿದಾಗ ನೋವು ಹೆಚ್ಚಿದರೆ ಬೌಲಿಂಗ್ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ತಡಮಾಡಬಾರದ ಲಕ್ಷಣಗಳು

ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಬಿದ್ದ ನಂತರದ ನೋವು, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮಲಮೂತ್ರದ ಹಿಡಿತ ತಪ್ಪುವುದು, ಬೆನ್ನು ಡೊಂಕಾಗುವುದು: ಇವುಗಳಲ್ಲಿ ಒಂದು ಕಂಡರೂ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಕ್ಷಯರೋಗ ಬೆನ್ನುಮೂಳೆಗೂ ತಗಲಬಹುದು. ತೀರ ಚಿಕ್ಕ ಮಕ್ಕಳ ನೋವನ್ನೂ, ವಾರಗಟ್ಟಲೆ ಬಿಡದ ನೋವನ್ನೂ ಉದಾಸೀನ ಮಾಡಬಾರದು.

ಆ ಸದಸ್ಯರಿಗೆ ನಾವು ಹೇಳಿದ್ದು ಇಷ್ಟೇ: ಎರಡು ತಿಂಗಳಾಗಿರುವುದರಿಂದ ಮೊದಲು ವೈದ್ಯರಿಗೆ ತೋರಿಸಿ; ಅಪಾಯವಿಲ್ಲವೆಂದು ಅವರು ಹೇಳಿದರೆ ಮಗಳನ್ನು ಆಟದಿಂದ ತಡೆಯಬೇಡಿ. ಎಲ್ಲ ಸದಸ್ಯರಲ್ಲೂ ನಮ್ಮ ವಿನಂತಿ ಇದೇ.

— ಕಾರ್ಯದರ್ಶಿ