ಓಕುಳಿಯ ಕೆಂಪು ಎಲ್ಲಿ ಹೋಯಿತು?

ತೀರ್ಥಹಳ್ಳಿಯ ಸಮೀಪದ ಒಂದು ತೋಟದ ಮನೆಗೆ ಕಳೆದ ತಿಂಗಳು ನಾಮಕರಣದ ನಿಮಿತ್ತ ಹೋದವನು, ಊಟ ಮುಗಿಸಿ ಸಂಜೆಯ ಬಸ್ಸಿಗೆ ಹಿಂದಿರುಗುವೆನೆಂದು ನಿಶ್ಚಯಿಸಿದ್ದರೂ, ಆ ಮನೆಯ ಹತ್ತು ವರ್ಷದ ಹುಡುಗಿ ಹರಿವಾಣದ ಓಕುಳಿಯನ್ನು ಅಂಗಳಕ್ಕೆ ಚೆಲ್ಲಗೊಡದೆ ಅಡ್ಡ ನಿಂತುದನ್ನು ಕಂಡು, ಕಾರಣವನ್ನು ಕೇಳಿ, ಅದರ ಪರಿಣಾಮವನ್ನು ನೋಡಿಯೇ ಹೊರಡಬೇಕೆಂಬ ಕುತೂಹಲದಿಂದ ಆ ರಾತ್ರಿ ಅಲ್ಲಿಯೇ ಉಳಿದೆನು. ಹಿಂದೊಮ್ಮೆ ಹಬ್ಬದ ದಿನ ಮಿಕ್ಕಿದ ಓಕುಳಿ ಬೆಳಗಾಗುವಷ್ಟರಲ್ಲಿ ಬಣ್ಣಗೆಟ್ಟಿದ್ದುದನ್ನು ಅವಳು ಗಮನಿಸಿದ್ದಳು. ಆ ಕೆಂಪು ಎಲ್ಲಿ ಹೋಯಿತೆಂಬುದು ಅವಳ ಪ್ರಶ್ನೆ.

ದೃಷ್ಟಿ ತೆಗೆದ ನೀರನ್ನು ಮನೆಯೊಳಗೆ ಇರಿಸಲಾಗದೆಂದು ಅಜ್ಜಿಯ ಆಕ್ಷೇಪ. ಅದನ್ನು ಹೊರಗೆ ಚೆಲ್ಲಿಸಿ, "ನಿಂಗೆ ಬೇರೆ ಮಾಡ್ಕೊಡ್ತೀನಿ ಬಾ ಮಗಾ" ಎಂದು ಹಿಂದಿನ ಜಗಲಿಗೆ ಕರೆದೊಯ್ದು, ಅರಿಶಿನದ ನೀರನ್ನು ತೆಳುಬಟ್ಟೆಯಲ್ಲಿ ಸೋಸಿ, ಎಲೆಯ ತಟ್ಟೆಯಲ್ಲಿದ್ದ ಸುಣ್ಣದ ಕರಡಿಗೆಯಿಂದ ಬೆರಳ ತುದಿಯಷ್ಟು ಸುಣ್ಣವನ್ನು ತೆಗೆದು ಗಾಜಿನ ಲೋಟದೊಳಕ್ಕೆ ಬಿಟ್ಟರು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ಆದರೆ ಹರಿವಾಣದಲ್ಲಿ ನಾವು ಕಾಣುವುದು ಆಗಿಹೋದ ಕೆಂಪನ್ನು ಮಾತ್ರ. ಗಾಜಿನೊಳಗಾದರೋ, ಸುಣ್ಣದ ಬಿಳಿಯ ಉಂಡೆ ಹಳದಿ ನೀರಿನಲ್ಲಿ ಮೆಲ್ಲನೆ ಇಳಿಯುತ್ತಿರಲು ಅದು ಹಾದ ದಾರಿಯುದ್ದಕ್ಕೂ ಕೆಂಪಿನ ಎಳೆಯೊಂದು ತೂಗಾಡಿತು. ತಳವನ್ನು ಮುಟ್ಟಿದೊಡನೆ ಅಲ್ಲಿಂದ ಹೊಗೆಯಂತೆ ಕೆಂಪು ಮೇಲಕ್ಕೆದ್ದಿತು. ಹೀಗೆ ಕೆಂಪಾದ ಇನ್ನೊಂದು ಲೋಟಕ್ಕೆ ನಿಂಬೆಯ ರಸವನ್ನು ಹನಿಸಿದಾಗ ಹನಿ ಬಿದ್ದಲ್ಲಿ ಹಳದಿಯ ಬಾವಿಗಳು ತೆರೆದುಕೊಂಡವು. ಐವತ್ತು ವರ್ಷಗಳಿಂದ ಓಕುಳಿಯನ್ನು ನೋಡಿಕೊಂಡು ಬಂದ ನಾನು ಇದನ್ನು ಕಂಡುದು ಅಂದೇ ಮೊದಲು.

ಹುಡುಗಿಯ ತಾಯಿ ಓದಿದುದು ಕಲಾ ವಿಭಾಗದಲ್ಲಿ ಪಿಯುಸಿಯವರೆಗೆ. ಆಕೆಯ ನಿಯಮಗಳು ಎರಡೇ: ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯವಾದುದರಿಂದ ಕರಡಿಗೆಯನ್ನು ಮಕ್ಕಳು ಮುಟ್ಟಲಾಗದು, ಮತ್ತು, "ಮೊದ್ಲು ಏನಾಗತ್ತೆ ಅಂತ ಬರಿ, ಆಮೇಲೆ ನೋಡು." ಹುಡುಗಿ ಬರೆದಳು: ಕೆಂಪನ್ನು ಗಾಳಿ ತಿನ್ನುತ್ತದೆ. ಈ ಊಹೆ ನಿರಾಧಾರವಾದುದಲ್ಲ. ಸುಣ್ಣದ ತಿಳಿನೀರನ್ನು ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಮೇಲೆ ಕೆನೆಗಟ್ಟುವುದನ್ನು ಅವಳು ಬಲ್ಲಳು; ಸುಣ್ಣ ಹಾಗೆ ಕೆನೆಯಾಗಿ ಹೋದರೆ ಅದು ತಂದ ಕೆಂಪೂ ಹೋಗಬೇಕಷ್ಟೆ. ಆದುದರಿಂದ ಓಕುಳಿಯ ಒಂದು ಪಾಲನ್ನು ಲೋಟದಲ್ಲಿ ತೆರೆದಿಟ್ಟು, ಇನ್ನೊಂದನ್ನು ತೊಳೆದ ಉಪ್ಪಿನಕಾಯಿ ಬಾಟಲಿಯ ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿದಳು.

ಇಂತಹ ಪಾಠಕ್ಕೆ ದೀರ್ಘವಾದ ಪರಂಪರೆಯುಂಟು. ರಾಬರ್ಟ್ ಬಾಯ್ಲನು ನೇರಳೆ ಹೂವಿನ ಪಾಕ ಆಮ್ಲದಲ್ಲಿ ಕೆಂಪಾಗಿ ಕ್ಷಾರದಲ್ಲಿ ಹಸಿರಾಗುವುದನ್ನು 1664ರಲ್ಲಿಯೇ ಬರೆದಿಟ್ಟನು. ನಮ್ಮ ಅರಿಶಿನವನ್ನು ಬಳಿದ ಕಾಗದವೂ ಮುಂದೆ ರಸಾಯನಜ್ಞರ ಮೇಜನ್ನು ಸೇರಿತು. ಜೇನ್ ಮಾರ್ಸೆಟ್ ಎಂಬ ಮಹಿಳೆ ತನ್ನ ಹೆಸರನ್ನು ಹಾಕದೆ ಪ್ರಕಟಿಸಿದ 1806ರ ರಸಾಯನ ಗ್ರಂಥವು ಒಬ್ಬ ಶಿಕ್ಷಕಿಯೂ ಇಬ್ಬರು ಬಾಲಕಿಯರೂ ಪ್ರಯೋಗಗಳನ್ನು ಮಾಡುತ್ತ ನಡೆಸುವ ಸಂಭಾಷಣೆ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸವನ್ನು ಕಲಿಯುತ್ತಿದ್ದ, ಮುಂದೆ ವಿಜ್ಞಾನಿಯಾದ ಮೈಕೇಲ್ ಫ್ಯಾರಡೆ ಅದನ್ನು ಓದಿ, ಅದರ ಮಾತುಗಳನ್ನು ತನ್ನ ಕೈಯಾರೆ ಪರೀಕ್ಷಿಸಿ ನಂಬಿದನು. ಕನ್ನಡದ ಮಕ್ಕಳಿಗಾಗಿ ಶಿವರಾಮ ಕಾರಂತರು ರಚಿಸಿದ ವಿಶ್ವಕೋಶ 'ಬಾಲಪ್ರಪಂಚ' 1936ರದು. ಮಧ್ಯಪ್ರದೇಶದ ಹೋಶಂಗಾಬಾದಿನ 16 ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮವು ಹಳ್ಳಿಯ ಮಕ್ಕಳ ಕೈಗೆ ಪ್ರಯೋಗವನ್ನು ಒಪ್ಪಿಸಿ, ಮೂರು ದಶಕಗಳ ಕಾಲ ನಡೆದು, 2002ರಲ್ಲಿ ಸರ್ಕಾರದ ಆಜ್ಞೆಯಿಂದ ನಿಂತುಹೋಯಿತು.

ಈಗ ಅಂಗಡಿಗಳಲ್ಲಿ ದೊರೆಯುವ ವಿಜ್ಞಾನದ ಪೆಟ್ಟಿಗೆಗಳ ಮೇಲೆ ನನಗೆ ವಿಶ್ವಾಸವಿಲ್ಲ. ಉತ್ತರವು ಚೀಟಿಯಲ್ಲಿ ಮುದ್ರಿತವಾಗಿರುವಾಗ ಮಗು ಮಾಡುವುದು ಅನುಸರಣೆಯೇ ಹೊರತು ಪರೀಕ್ಷೆಯಲ್ಲ. ನಾನು ಓದಿದ ಶಾಲೆಯಲ್ಲಿ ಗಾಜಿನ ಕಪಾಟಿಗೆ ಸದಾ ಬೀಗವಿರುತ್ತಿತ್ತು. ಅದು ತೆರೆದಿದ್ದರೂ, ನಲವತ್ತು ನಿಮಿಷದ ತರಗತಿಯಲ್ಲಿ ಒಂದು ಲೋಟವನ್ನು ರಾತ್ರಿಯಿಡೀ ಇಟ್ಟು ಕಾಯುವುದೆಂತು? ಮನೆಯಲ್ಲಿ ರಾತ್ರಿಯಿದೆ, ಮರುದಿನವಿದೆ. ತಪ್ಪಾದ ಊಹೆ ತಾನು ತಪ್ಪೆಂದು ತೋರಿಸಿಕೊಳ್ಳುವಷ್ಟು ಅವಕಾಶವಿದೆ.

ಬೆಳಿಗ್ಗೆ ಆರು ಗಂಟೆಗೆ ಹುಡುಗಿ ಜಗಲಿಯಲ್ಲಿದ್ದಳು. ಲೋಟದ ಓಕುಳಿ ಮಾಸಿ ಕಂದುಹಳದಿಯಾಗಿತ್ತು. ಮುಚ್ಚಿದ ಬಾಟಲಿಯದೂ ಅದೇ ಗತಿ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅರಿಶಿನದ ಬಣ್ಣಕ್ಕೆ ಮೂಲವಾದ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದಲ್ಲಿ ಕೆಂಪಾಗುವುದಲ್ಲದೆ ಅದೇ ಕ್ಷಾರದಲ್ಲಿ ಕೆಲವು ಗಂಟೆಗಳೊಳಗೆ ಒಡೆದು ಹಾಳಾಗುವುದೆಂದು ನಾನು ಓದಿ ಬಲ್ಲೆನಾದುದರಿಂದ ಹೇಳಲು ಬಾಯಿ ತೆರೆದೆನು. ತಾಯಿ ಕಣ್ಣಿನಿಂದಲೇ ನನ್ನನ್ನು ತಡೆದಳು. ಆ ತಡೆಗಾಗಿ ನಾನು ಆಕೆಗೆ ಇಂದಿಗೂ ಕೃತಜ್ಞ.

"ಗಾಳಿ ಅಲ್ಲ," ಎಂದು ಹುಡುಗಿ ಪುಸ್ತಕದಲ್ಲಿ ಬರೆದಳು. ಅನಂತರ, "ಅಮ್ಮಾ, ಹೋಗಿದ್ದು ಸುಣ್ಣನೋ ಅರಿಶಿನನೋ?"

"ಹೆಂಗೆ ಗೊತ್ತು ಮಾಡ್ತೀಯ?"

ಬಾಟಲಿಯ ನೀರನ್ನು ಎರಡು ಲೋಟಗಳಿಗೆ ಹಂಚಲಾಯಿತು. ಒಂದಕ್ಕೆ ಅಜ್ಜಿ ಸುಣ್ಣವನ್ನು ಬಿಟ್ಟರು. ನೀರು ಬೆಳ್ಳಗೆ ಕದಡಿತೇ ವಿನಾ ನಿನ್ನೆಯ ಕೆಂಪು ಮರಳಲಿಲ್ಲ. ಇನ್ನೊಂದಕ್ಕೆ ಹುಡುಗಿ ಅರಿಶಿನದ ಒಂದು ಚಿಟಿಕೆಯನ್ನು ಉದುರಿಸಿದಳು. ಪುಡಿಯ ಕಣಗಳು ಒಂದು ಕ್ಷಣ ಹಳದಿಯಾಗಿ ತೇಲಿ, ಒಂದೊಂದೂ ತನ್ನ ಕೆಳಗೆ ಸಣ್ಣ ಕೆಂಪು ಬಾಲವನ್ನು ಇಳಿಬಿಟ್ಟಿತು.

"ಅಜ್ಜೀ, ಸುಣ್ಣ ಇಲ್ಲೇ ಇದೆ!" ಎಂದು ಅವಳು ಕೂಗಿದುದು ಕೊಟ್ಟಿಗೆಯವರೆಗೂ ಕೇಳಿಸಿರಬೇಕು.