ಹೊಗೆಬಂಡಿಯ ಕಿಟಕಿಯಲ್ಲಿ ಬಿಳಿಯ ಕುದುರೆ

ಆಂಗ್ಲ ದೇಶದ ದಕ್ಷಿಣ ಭಾಗದಲ್ಲಿ 'ಡೌನ್ಸ್' ಎಂಬ ಗುಡ್ಡಗಳ ಸಾಲುಗಳುಂಟು. ಅಲ್ಲಿ ಕೋಡುಗಲ್ಲುಗಳಿಲ್ಲ, ತೆರೆಯ ಹಿಂದೆ ತೆರೆಯೆದ್ದಂತೆ ಹುಲ್ಲಿನ ದಿಣ್ಣೆಗಳು ಏರುತ್ತಲೂ ಇಳಿಯುತ್ತಲೂ ಹೋಗುವವು. ಹುಲ್ಲಿನಡಿಯಲ್ಲಿ ತೆಳುವಾದ ಮಣ್ಣು, ಮಣ್ಣಿನಡಿಯಲ್ಲಿ ಬೆಳ್ಳಗಿನ ಸೀಮೆಸುಣ್ಣದ ಕಲ್ಲು. ಹುಲ್ಲನ್ನು ಹೆರೆದರೆ ಬಿಳುಪು ಕಾಣುವುದರಿಂದ, ಆ ಸೀಮೆಯವರು ಗುಡ್ಡದ ಓರೆಗಳಲ್ಲಿ ದೊಡ್ಡ ಕುದುರೆಗಳನ್ನೂ ಮನುಷ್ಯಾಕೃತಿಗಳನ್ನೂ ಕೆತ್ತಿರುವರು. ಕರಿಹಲಗೆಯ ಮೇಲೆ ಬರೆಯುವ ವಿದ್ಯಾರ್ಥಿನಿಯರಿಗೆ ಇದು ವಿನೋದವೆನಿಸೀತು. ವಿಲ್ಟ್‌ಷೈರಿನ ವೆಸ್ಟ್‌ಬರಿ ಕುದುರೆಯು ಇಂತಹದೊಂದು. 1778ರಲ್ಲಿ ಅದನ್ನು ಹೊಸದಾಗಿ ತಿದ್ದಿ ಕೆತ್ತಿದರು.

ಈ ಕುದುರೆಯನ್ನೊಳಗೊಂಡ 'ಟ್ರೇನ್ ಲ್ಯಾಂಡ್‌ಸ್ಕೇಪ್' ಎಂಬ ಜಲವರ್ಣ ಚಿತ್ರವು ಸ್ಕಾಟ್ಲೆಂಡಿನ ಅಬರ್ಡೀನ್ ಚಿತ್ರಶಾಲೆಯಲ್ಲಿದೆ. ಇದರ ಕಾಲವು 1940. ಚಿತ್ರಕಾರನು ಎರಿಕ್ ರ‍್ಯಾವಿಲಿಯಸ್. ಈತನು ಬಾಲ್ಯವನ್ನು ಈಸ್ಟ್‌ಬರ್ನಿನಲ್ಲಿ ಇಂತಹ ಗುಡ್ಡಗಳ ಸಮೀಪದಲ್ಲಿಯೇ ಕಳೆದವನು.

ಚಿತ್ರದಲ್ಲಿ ನಾವು ಮೂರನೆಯ ತರಗತಿಯ ಬಂಡಿಯೊಳಗಿದ್ದೇವೆ. (ಬ್ರಿಟನ್ನಿನಲ್ಲಿ ಆ ತರಗತಿಯ ಹೆಸರು 1956ರಲ್ಲಿ ಅಳಿಯಿತು.) ಪ್ರಯಾಣಿಕರು ಒಬ್ಬರೂ ಇಲ್ಲ. ಹೂಬಟ್ಟೆಯ ಆಸನಗಳು, ಕಿಟಕಿಯ ಗಾಜನ್ನು ಇಳಿಸುವ ತೊಗಲಿನ ಪಟ್ಟಿ, ಬಾಗಿಲ ಮೇಲಿನ 3 ಎಂಬ ಅಂಕೆ, ಎಲ್ಲವೂ ಅಚ್ಚುಕಟ್ಟು. ಹೊರಗೆ ಗುಡ್ಡ, ಗುಡ್ಡದ ಮೇಲೆ ಪುಟ್ಟದಾಗಿ ಕುದುರೆ. ಓಡುವ ಬಂಡಿಯೊಳಗಿಂದ ನಿಂತ ಕುದುರೆಯನ್ನು ಕಾಣುವುದೇ ಇದರ ಸೊಗಸೆಂದು ನನ್ನ ಅಭಿಪ್ರಾಯ. ರ‍್ಯಾವಿಲಿಯಸನು ಮರದ ಅಚ್ಚುಗಳನ್ನು ಕೊರೆಯುವುದರಲ್ಲಿಯೂ ನಿಪುಣನು. ಆ ಕೈವಾಡವು ಕುಂಚಕ್ಕೂ ಬಂದಿತು: ಬಣ್ಣವನ್ನು ಧಾರಾಳವಾಗಿ ಹರಿಯಬಿಡದೆ, ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆದು, ನಡುನಡುವೆ ಕಾಗದದ ಬಿಳುಪನ್ನೇ ಬೆಳಕಾಗಿ ಉಳಿಸುವನು.

ಆದರೆ ಈ ಚಿತ್ರವು ಒಂದೇ ಕೈಯದಲ್ಲ. ಪತಿಗೆ ತೃಪ್ತಿಯಾಗದಿದ್ದ ಎರಡು ಚಿತ್ರಗಳನ್ನು ಕತ್ತರಿಸಿ, ಅಂಟಿಸಿ, ಒಂದಾಗಿಸಿದವಳು ಪತ್ನಿಯಾದ ಟರ್ಜಾ ಗಾರ್ವುಡ್. ಯಾವುದನ್ನು ಉಳಿಸಬೇಕು, ಯಾವುದನ್ನು ಕಳೆಯಬೇಕೆಂದು ಅರಿಯುವುದು ಚಿತ್ರವಿದ್ಯೆಯ ಅರ್ಧಭಾಗವಲ್ಲವೇ? ಆಕೆಯು ಈಸ್ಟ್‌ಬರ್ನಿನ ಕಲಾಶಾಲೆಯಲ್ಲಿ ಅವನ ಶಿಷ್ಯೆಯಾಗಿದ್ದು, ಅಚ್ಚು ಕೊರೆಯುವುದರಲ್ಲಿ ಎಳೆಯ ವಯಸ್ಸಿನಲ್ಲಿಯೇ ಹೆಸರು ಪಡೆದಿದ್ದಳು. 1930ರಲ್ಲಿ ವಿವಾಹವಾಯಿತು. ಅನಂತರ ಉಳಿಯು ಬಹುಮಟ್ಟಿಗೆ ಮೂಲೆ ಸೇರಿತು. ಮನೆವಾರ್ತೆ, ಮೂವರು ಮಕ್ಕಳು, ಬಿಡುವಿನಲ್ಲಿ ದ್ರವದ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಎತ್ತಿಕೊಳ್ಳುವ ಅಲಂಕಾರದ ಕೆಲಸ.

1942ರ ಸೆಪ್ಟೆಂಬರಿನಲ್ಲಿ, ಯುದ್ಧದ ಚಿತ್ರಕಾರನಾಗಿ ಐಸ್‌ಲೆಂಡಿಗೆ ಹೋಗಿದ್ದ ರ‍್ಯಾವಿಲಿಯಸನು ವಿಮಾನದೊಡನೆ ಕಣ್ಮರೆಯಾದನು. ವಿಧವೆಯಾದ ಟರ್ಜಾ ವ್ಯಾಧಿಪೀಡಿತಳಾಗಿದ್ದರೂ ತೈಲಚಿತ್ರಗಳನ್ನು ಬರೆಯತೊಡಗಿ, 1951ರಲ್ಲಿ ತೀರಿಕೊಳ್ಳುವವರೆಗೂ ಬರೆದಳು. 2024ರಲ್ಲಿ ಲಂಡನ್ನಿನ ಡಲ್ವಿಚ್ ಚಿತ್ರಶಾಲೆಯವರು ಆಕೆಯ ಕೃತಿಗಳಿಗೆಂದೇ ಒಂದು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದರು.