ವಿದ್ಯುದ್ವಿನೋದಕ್ಕೆ ಮೊದಲ ಹೆಜ್ಜೆ

ಮನೆಯ ಹುಡುಗನೊಬ್ಬನು ಕೆಟ್ಟ ಟಾರ್ಚನ್ನೋ ಹಳೆಯ ರೇಡಿಯೋವನ್ನೋ ಬಿಚ್ಚಿಕೊಂಡು ಕುಳಿತರೆ ಹಿರಿಯರಾದ ನಾವು ಕೂಡಲೇ ಗದರುವುದು ರೂಢಿ. ಆ ಗದರಿಕೆಯಿಂದ ಉಳಿಯುವುದು ಅಲ್ಪಬೆಲೆಯ ಸಾಮಾನು. ಅಳಿಯುವುದು ತಿಳಿಯಬೇಕೆಂಬ ಹಂಬಲ. ಈ ಮಾತನ್ನು ನಾವು ಪರೋಪದೇಶವಾಗಿ ಹೇಳುತ್ತಿಲ್ಲ. ನಮ್ಮ ತಪ್ಪಿನಿಂದಲೇ ಕಲಿತು ಹೇಳುತ್ತಿರುವೆವು.

ಕಳೆದ ಬೇಸಗೆಯ ರಜೆಯಲ್ಲಿ, ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ, ಮೊಮ್ಮಗನು ಕಲಬುರ್ಗಿಯಿಂದ ತಂದ ಎಲ್.ಇ.ಡಿ. ಎಂಬ ಕಿರುದೀಪವನ್ನು 9 ವೋಲ್ಟಿನ ಬ್ಯಾಟರಿಗೆ ನೇರವಾಗಿ ಹಚ್ಚಿದನು. ದೀಪವು ಒಮ್ಮೆ ಮಿಂಚಿ ಸುಟ್ಟುಹೋಯಿತು. ನಾವು ಸಾಮಾನನ್ನೆಲ್ಲ ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. “ಮುತ್ಯಾ, ಅದು ಯಾಕ ಸುಟ್ತು?” ಎಂದು ಅವನು ಕೇಳಿದನು. ಮೂವತ್ತಕ್ಕೂ ಮಿಕ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪುವ ಧೈರ್ಯವೂ ಇರಲಿಲ್ಲ. ಮುಂದೆ ಎರಡು ದಿನ ಅವನು ಏನನ್ನೂ ಕೇಳಲಿಲ್ಲ. ಆ ಮೌನವು ನಮ್ಮನ್ನು ಚುಚ್ಚಿತು. ಮೂರನೆಯ ದಿನ ಬೀಗ ತೆಗೆದು, “ನನಗೂ ಗೊತ್ತಿಲ್ಲಪ್ಪಾ, ಇಬ್ಬರೂ ಕೂಡಿ ಕಲಿಯೋಣ” ಎಂದೆವು.

ಆರಂಭಕ್ಕೆ ಬೇಕಾದುದು ಸ್ವಲ್ಪವೇ: 1.5 ವೋಲ್ಟಿನ ಮೂರು ಸೆಲ್ಲುಗಳು ಮತ್ತು ಅವನ್ನಿಡುವ ಪೆಟ್ಟಿಗೆ, ಕೆಂಪು ಎಲ್.ಇ.ಡಿ., 220 ಓಮ್‌ನ ರೋಧಕ, ತುಂಡು ತಂತಿ, ಬ್ರೆಡ್‌ಬೋರ್ಡ್. ಈ ಕಡೆಯದು ತೂತುಗಳುಳ್ಳ ಹಲಗೆ. ಹಿಂದಿನ ಹವ್ಯಾಸಿಗಳು ಬ್ರೆಡ್ಡು ಕೊಯ್ಯುವ ಮರದ ಹಲಗೆಯ ಮೇಲೆಯೇ ತಂತಿ ಜೋಡಿಸುತ್ತಿದ್ದುದರಿಂದ ಆ ಹೆಸರು. ಬೆಸುಗೆಯ ಅಗತ್ಯವಿಲ್ಲ, ತೂತಿಗೆ ಸಿಕ್ಕಿಸಿದರೆ ಸಾಕು.

ಮೂರು ಸೆಲ್ಲುಗಳನ್ನು ಸಾಲಾಗಿ ಇಟ್ಟರೆ 4.5 ವೋಲ್ಟ್ ಆಗುವುದು. ಕೆಂಪು ದೀಪಕ್ಕೆ ಸುಮಾರು 2 ವೋಲ್ಟ್ ಸಾಕು. ಮಿಕ್ಕ 2.5 ವೋಲ್ಟನ್ನು ರೋಧಕವು ಹೊರಬೇಕು. ಜರ್ಮನಿಯ ಓಮ್ ಎಂಬ ಅಧ್ಯಾಪಕನು 1827ರಲ್ಲಿ ಪ್ರಕಟಿಸಿದ ನಿಯಮದಂತೆ, 2.5ನ್ನು 220ರಿಂದ ಭಾಗಿಸಿದರೆ ಸುಮಾರು 11 ಮಿಲಿಆಂಪಿಯರ್ ಪ್ರವಾಹವೆಂದು ತಿಳಿಯುವುದು. ಇಂಥ ಸಾಧಾರಣ ದೀಪವು ತಾಳುವುದು ಸುಮಾರು 20. ರೋಧಕವಿಲ್ಲದಿದ್ದರೆ ಪ್ರವಾಹವು ಅಂಕೆ ಮೀರಿ ನುಗ್ಗುವುದು. ಕಾಲುವೆಗೆ ತೂಬಿನಂತೆ ದೀಪಕ್ಕೆ ರೋಧಕ. ಮೊಮ್ಮಗನ ಪ್ರಶ್ನೆಗೆ ಇದೇ ಉತ್ತರವಾಗಿದ್ದಿತು.

ದೀಪದ ಉದ್ದನೆಯ ಕಾಲು ಧನದ ಕಡೆಗಿರಬೇಕು. ರೋಧಕವನ್ನು ಕೆಂಪು, ಕೆಂಪು, ಕಂದು ಪಟ್ಟೆಗಳಿಂದ ಗುರುತಿಸಬಹುದು. ಧನದಿಂದ ರೋಧಕಕ್ಕೆ, ರೋಧಕದಿಂದ ದೀಪಕ್ಕೆ, ದೀಪದಿಂದ ಋಣಕ್ಕೆ ಹಾದಿಯು ಸುತ್ತಿ ಮುಗಿಯಬೇಕು.

ಇಷ್ಟೆಲ್ಲ ಮಾಡಿದರೂ ನಮ್ಮ ದೀಪವು ಹತ್ತಲಿಲ್ಲ! ಆಗ ನಾವು ಕಲಿತ ತರ್ಕಶಾಸ್ತ್ರವು ನೆರವಿಗೆ ಬಂದಿತು. ಇದ್ದರೆ ಆಗುವುದು, ಇಲ್ಲದಿದ್ದರೆ ಆಗದು ಎಂದು ಕಾರಣವನ್ನು ಗೊತ್ತುಮಾಡುವುದಕ್ಕೆ ಅನ್ವಯವ್ಯತಿರೇಕವೆಂದು ಹೆಸರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದೆವು. ಸೆಲ್ ಬದಲಿಸಿದೆವು, ಇಲ್ಲ. ದೀಪವನ್ನು ತಿರುಗಿಸಿದೆವು, ಇಲ್ಲ. ಮರಳಿ ಮೊದಲಿನಂತೆ ಇಟ್ಟೆವು. ಕೊನೆಗೆ ದೋಷವನ್ನು ಕಂಡವನು ಹುಡುಗನೇ. ಹಲಗೆಯ ಐದೈದು ತೂತುಗಳು ಒಳಗೆ ಒಂದಕ್ಕೊಂದು ಕೂಡಿರುವುವು. ನಾವು ದೀಪದ ಎರಡೂ ಕಾಲುಗಳನ್ನು ಒಂದೇ ಐದರ ಸಾಲಿನಲ್ಲಿ ಚುಚ್ಚಿದ್ದೆವು. ಒಂದು ಕಾಲನ್ನು ಪಕ್ಕದ ಸಾಲಿಗೆ ಸರಿಸಿದೊಡನೆ ಬೆಳಕು! ಮೊದಲ ಸಲಕ್ಕೇ ಹತ್ತಿದ್ದರೆ ನಾವು ಇಷ್ಟನ್ನು ಕಲಿಯುತ್ತಿರಲಿಲ್ಲ.

ಇದು ತಮ್ಮ ಶಾಸ್ತ್ರವಲ್ಲವೆಂದು ಹಿಂಜರಿಯುವ ಗೃಹಸ್ಥರು ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿಯವರನ್ನು ನೆನೆಯಬೇಕು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆದರೂ 1935ರಲ್ಲಿ ತಮ್ಮ ಮನೆಯಿಂದಲೇ ಚಿಕ್ಕ ಪ್ರೇಷಕಯಂತ್ರದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಸಂದಿತು.

ಒಂದು ಎಚ್ಚರಿಕೆ. ಗೋಡೆಯ 230 ವೋಲ್ಟಿನ ವಿದ್ಯುತ್ತು ಪ್ರಾಣಾಪಹಾರಿ. ಕಲಿಯುವವರು ಅದರ ತಂಟೆಗೆ ಹೋಗಲಾಗದು. ಮೊಬೈಲಿನ ಬ್ಯಾಟರಿಯನ್ನು ಬಿಚ್ಚಲಾಗದು, ಅದು ಹೊತ್ತಿಕೊಳ್ಳಬಹುದು. ಸೆಲ್ಲಿನ ಎರಡು ತುದಿಗಳನ್ನು ಬರಿಯ ತಂತಿಯಿಂದ ಕೂಡಿಸಬಾರದು. ಗುಂಡಿಯಂಥ ಸೆಲ್ಲುಗಳು ಕೂಸುಗಳ ಕೈಗೆ ಸಿಗಬಾರದು, ನುಂಗಿದರೆ ಅಪಾಯ.

ಮೊದಲ ದೀಪವು ವಶವಾದ ಮೇಲೆ ಎಲ್.ಡಿ.ಆರ್. ಎಂಬ, ಕತ್ತಲೆಯಲ್ಲಿ ತಡೆ ಹೆಚ್ಚುವ ಬಿಡಿಭಾಗವನ್ನು ಅದೇ ಹಾದಿಯಲ್ಲಿ ಸೇರಿಸಿರಿ. 220 ಓಮ್‌ನ ರೋಧಕವು ಇದ್ದಲ್ಲಿಯೇ ಇರಲಿ. ಅಂಗೈಯಿಂದ ಮುಚ್ಚಿದರೆ ದೀಪವು ಮಂಕಾಗುವುದು. ಅದೇಕೆಂದು ಮಕ್ಕಳು ಕೇಳುವರು.

ಕೇಳಲಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿರಿ. ನಮ್ಮ ಕಪಾಟಿಗೆ ಈಗ ಬೀಗವಿಲ್ಲ. ರಜೆ ಮುಗಿಸಿ ಹೊರಟ ಮೊಮ್ಮಗನು, “ಮುತ್ಯಾ, ಬರೂತನಕ ನೀನೂ ಒಂದು ಮಾಡಿಡು” ಎಂದು ಪಾಠವನ್ನು ಒಪ್ಪಿಸಿ ಹೋಗಿರುವನು. ನಾವು ಮಾಡುತ್ತಿರುವೆವು.